ಸಿಳ್ಳೆ ಕೇಳಿತು, ಹಕ್ಕಿ ಕಾಣಲಿಲ್ಲ

ಪ್ರಶ್ನೆ: ಮಳೆಗಾಲದಲ್ಲಿ ಕುದುರೆಮುಖದ ಚಾರಣಕ್ಕೆ ಹೋಗಿದ್ದಾಗ, ಬೆಳಕು ಹರಿಯುವ ಮುಂಚೆ ಯಾರೋ ಹುಡುಗ ಸಿಳ್ಳೆ ಹಾಕುತ್ತಿರುವಂತೆ ಕೇಳಿಸಿತು. ಅದು ಹಕ್ಕಿ ಎಂದರು ಊರಿನವರು. ಎಷ್ಟು ಹುಡುಕಿದರೂ ಕಾಣಲಿಲ್ಲ. ಯಾವ ಹಕ್ಕಿ? ನೋಡುವುದು ಹೇಗೆ?

ಉತ್ತರ: ನೀವು ಹೇಳುವ ಜಾಗ, ಕಾಲ, ದನಿ ಮೂರೂ ಸರಳೆ ಸಿಳ್ಳಾರನಿಗೆ ಹೊಂದುತ್ತವೆ. ಇಂಗ್ಲಿಷಿನಲ್ಲಿ ಮಲಬಾರ್ ವಿಸ್ಲಿಂಗ್ ಥ್ರಶ್. ಪಶ್ಚಿಮ ಘಟ್ಟದ ಹಳ್ಳ–ಝರಿಗಳ ಹಕ್ಕಿ ಇದು. ಅದರ ಹಾಡಿಗೆ ಪಲ್ಲವಿ ಇಲ್ಲ. ಸ್ವರ ಏರಿಳಿಯುತ್ತಾ ತನಗೆ ತೋಚಿದತ್ತ ಸಾಗುತ್ತದೆ. ಮನುಷ್ಯರ ಸಿಳ್ಳೆಯೆಂದು ಎಲ್ಲರೂ ಮೋಸಹೋಗುವುದು ಅದಕ್ಕೇ.

ಕಾಣದಿರಲು ಕಾರಣಗಳಿವೆ. ಹಾಡು ಜೋರಾಗಿರುವುದು ನಸುಕಿನಲ್ಲಿ, ಆಗ ಕಣ್ಣಿಗೆ ಬೆಳಕು ಸಾಲದು. ಹಕ್ಕಿಯ ಮೈಯೂ ಕಪ್ಪುನೀಲಿ. ಜೊತೆಗೆ ನೀರಿನ ಸದ್ದು, ಬಂಡೆಗಳ ಪ್ರತಿಧ್ವನಿ. ದನಿ ಎತ್ತಲಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ದನಿಯ ಬೆನ್ನು ಹತ್ತಬೇಡಿ. ನೀರಿನ ಬಳಿ ಕೂರಿ. ಕಾಲುದಾರಿ ಹಳ್ಳ ದಾಟುವ ಕಡೆ, ಪಾಚಿಗಟ್ಟಿದ ಬಂಡೆಗಳು ಕಾಣುವಂತೆ ತುಸು ದೂರದಲ್ಲಿ ಜಾಗ ಹಿಡಿಯಿರಿ. ಹಾಡು ನಿಂತ ಮೇಲೂ ಏಳಬೇಡಿ. ಬೆಳಕಾದ ನಂತರ ಸಿಳ್ಳಾರ ಮೇವಿಗಾಗಿ ನೆಲಕ್ಕಿಳಿಯುತ್ತದೆ. ಹುಳು, ಏಡಿ, ಬಸವನಹುಳು, ಸಣ್ಣ ಕಪ್ಪೆ ಅದರ ಆಹಾರ. ಮೈನಾಕ್ಕಿಂತ ಸ್ವಲ್ಪ ದೊಡ್ಡ ಗಾತ್ರ, ಸುಮಾರು 25 ಸೆಂಟಿಮೀಟರ್. ಬಂಡೆಯಿಂದ ಬಂಡೆಗೆ ಕುಪ್ಪಳಿಸಿ ನಿಂತಾಗ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುತ್ತದೆ. ಮೊದಲು ಕಣ್ಣಿಗೆ ಬೀಳುವುದು ಆ ಚಲನೆಯೇ. ಆಗ ಬೈನಾಕ್ಯುಲರ್ ಎತ್ತಿ. ಬಿಸಿಲು ತಗುಲಿದೊಡನೆ ಹಣೆ ಮತ್ತು ಭುಜದ ಮೇಲಿನ ನೀಲಿ ಪಟ್ಟೆಗಳು ಝಗ್ಗನೆ ಹೊಳೆಯುತ್ತವೆ. ಅಲ್ಲಿಯವರೆಗೂ ಕರಿ ಹಕ್ಕಿಯಂತೆ ಕಂಡದ್ದು ಇದೇ ಎಂದು ನಂಬಲಾಗದಷ್ಟು ಚೆಲುವು ಅದು!

ಬೆದರಿದರೆ ಕೀಚಲು ದನಿಯಲ್ಲಿ ಒಮ್ಮೆ ಕೂಗಿ ಹಳ್ಳದ ಗುಂಟ ತಗ್ಗಿನಲ್ಲಿ ಹಾರುತ್ತದೆ. ಆ ಕೂಗು ಗುರುತಿಟ್ಟುಕೊಳ್ಳಿ. ಹಾಡು ಅಪರೂಪವಾಗುವ ಚಳಿಗಾಲದಲ್ಲೂ ಹಕ್ಕಿ ಅಲ್ಲೇ ಇದೆಯೆಂದು ತಿಳಿಯುವುದು ಅದರಿಂದಲೇ.

ಒಂದು ಮಾತು ತಪ್ಪದೆ ಪಾಲಿಸಿ: ಮೊಬೈಲಿನಲ್ಲಿ ಅದರ ಹಾಡು ನುಡಿಸಿ ಕರೆಯಬೇಡಿ. ಮಳೆಗಾಲ ಅದು ಹಳ್ಳದ ಪಕ್ಕದ ಬಂಡೆಯ ಸಂದಿನಲ್ಲಿ ಗೂಡು ಕಟ್ಟಿ ಮರಿ ಮಾಡುವ ಸಮಯ. ತನ್ನ ಜಾಗಕ್ಕೆ ಇನ್ನೊಂದು ಸಿಳ್ಳಾರ ಬಂತೆಂದುಕೊಂಡು, ಮರಿಗೆ ಗುಟುಕು ಕೊಡುವುದನ್ನು ಬಿಟ್ಟು ಹುಡುಕಲು ಹೊರಡುತ್ತದೆ. ನಮಗೆ ಒಂದು ನೋಟ ಸಿಗಲೆಂದು ಅದಕ್ಕೆ ಅಷ್ಟು ತೊಂದರೆ ಕೊಡುವುದು ಸಲ್ಲದು.