ಊರು ಬದಲಾದರೆ ಕ್ರೀಮೂ ಬದಲಾಗಲಿ: ಚರ್ಮದ ಆರೈಕೆಗೆ 9 ಸೂತ್ರಗಳು

ಚಿಕ್ಕಮಗಳೂರು ಜಿಲ್ಲೆಯ ಶಿವನಿಯಿಂದ ಓದಿಗೋ ಕೆಲಸಕ್ಕೋ ಹೊರಟವರಿಗೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗವೇ ಹೆಬ್ಬಾಗಿಲು. ಒಂದು ಕಡೆ ಬೆಂಗಳೂರಿನ ಎಸಿ ಆಫೀಸು, ಇನ್ನೊಂದು ಕಡೆ ಹುಬ್ಬಳ್ಳಿಯ ಬಿಸಿಲು. ಬೀರೂರಿನಲ್ಲಿ ಗಾಡಿ ಬದಲಿಸಿದರೆ ಶಿವಮೊಗ್ಗ, ಘಟ್ಟ ಇಳಿದರೆ ಮಂಗಳೂರಿನ ಸೆಕೆ. ಊರು ಬದಲಾಗುತ್ತದೆ, ರೂಮು ಬದಲಾಗುತ್ತದೆ. ಬಚ್ಚಲಿನ ಸೋಪು, ಮುಖದ ಕ್ರೀಮು ಮಾತ್ರ ಅದೇ ಹಳೆಯದು. ಎರಡು ತಿಂಗಳಲ್ಲಿ ಮೊಡವೆಯೋ ಹೊಟ್ಟೋ ಕಾಣಿಸಿಕೊಂಡರೆ ‘ನನ್ನ ಸ್ಕಿನ್ನೇ ಸರಿಯಿಲ್ಲ’ ಎಂಬ ಕೊರಗು ಶುರು. ಆ ಕೊರಗನ್ನು ಇವತ್ತೇ ಬಿಡಿ. ಕಲಿಯಬೇಕಾದ ಕೌಶಲ ಒಂದೇ: ಇರುವ ಊರಿನ ಗಾಳಿಗೆ ತಕ್ಕಂತೆ ಆರೈಕೆ ಬದಲಿಸುವುದು.

1. ತೇವಾಂಶ ನೋಡುವ ಅಭ್ಯಾಸ ಮಾಡಿಕೊಳ್ಳಿ.
ಫೋನಿನ ಹವಾಮಾನ ಆ್ಯಪ್ ತೆರೆಯಿರಿ. ಉಷ್ಣಾಂಶದ ಜೊತೆಗೆ ಹ್ಯುಮಿಡಿಟಿ ಎಷ್ಟಿದೆ ಎಂದೂ ನೋಡಿ. ಒಣ ಗಾಳಿ ಚರ್ಮದ ಮೇಲ್ಪದರದ ನೀರನ್ನು ಹೀರಿಕೊಳ್ಳುತ್ತದೆ. ಒದ್ದೆ ಗಾಳಿಯಲ್ಲಿ ಬೆವರು ಆರುವುದಿಲ್ಲ, ಎಣ್ಣೆ ಮತ್ತು ಕೊಳೆ ರಂಧ್ರಗಳಲ್ಲೇ ಉಳಿಯುತ್ತವೆ. ಕಡೂರು ಬಯಲುಸೀಮೆ. ತರೀಕೆರೆಗೆ ಬಂದರೆ ಮಲೆನಾಡಿನ ಸೆರಗು. ಅದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹತ್ತಿದರೆ ಮಂಜು. ಇನ್ನೂ ಪಶ್ಚಿಮಕ್ಕೆ ಹೋದರೆ, ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆ. ಅರ್ಧ ದಿನದ ಬಸ್ ಪ್ರಯಾಣದಲ್ಲೇ ಇಷ್ಟು ವ್ಯತ್ಯಾಸವಿದ್ದರೆ, ಎಲ್ಲ ಕಡೆಗೂ ಒಂದೇ ಕ್ರೀಮು ಸಾಲುವುದಾದರೂ ಹೇಗೆ?

2. ಮೂರೇ ವಸ್ತು ಇಟ್ಟುಕೊಳ್ಳಿ.
ಮುಖ ತೊಳೆಯಲು ಒಂದು, ತೇವ ಉಳಿಸಲು ಒಂದು, ಬಿಸಿಲು ತಡೆಯಲು ಒಂದು. ಋತು ಬದಲಾದಾಗ ಬದಲಿಸಬೇಕಾದ್ದು ಮುಖ್ಯವಾಗಿ ನಡುವಿನದು. ಚಳಿಗೆ ದಪ್ಪ ಕ್ರೀಮು, ಸೆಕೆಗೆ ಜೆಲ್ ಅಥವಾ ತೆಳು ಲೋಷನ್. ಹತ್ತು ಸೀರಮ್ ಕೊಳ್ಳುವ ದುಡ್ಡನ್ನು ಕೋಚಿಂಗ್ ಫೀಸಿಗೆ ಉಳಿಸಿ.

3. ಮಾಗಿಯ ಚಳಿಗೆ ಮೊದಲೇ ಸಿದ್ಧರಾಗಿ.
ಅಜ್ಜಂಪುರ, ಶಿವನಿ, ಕಡೂರಿನ ಕಡೆಯವರಿಗೆ ವರ್ಷದ ಕಠಿಣ ಪರೀಕ್ಷೆ ಇದೇ. ದೀಪಾವಳಿ ಕಳೆದ ಮೇಲೆ ಒಣಗಾಳಿ ಬೀಸತೊಡಗಿದರೆ ತುಟಿ ಬಿರಿಯುತ್ತದೆ, ಮೊಣಕಾಲ ಕೆಳಗೆ ಉಗುರು ಎಳೆದರೆ ಬಿಳಿ ಗೆರೆ ಮೂಡುತ್ತದೆ, ಹಿಮ್ಮಡಿ ಸೀಳುತ್ತದೆ. ಶಿವರಾತ್ರಿಗೆ ‘ಶಿವ ಶಿವಾ’ ಎಂದು ಚಳಿ ಹೊರಡುವವರೆಗೆ ಕಾಯುತ್ತ ಕೂರಬೇಡಿ.

ಮೊದಲು ಸ್ನಾನದ ನೀರನ್ನು ಸರಿಮಾಡಿ. ಹಂಡೆಯಿಂದ ಹಬೆಯಾಡುವ ನೀರು ಸುರಿದುಕೊಳ್ಳುವುದು ಹಿತವೇ ಹೌದು, ಆದರೆ ಚರ್ಮದ ಸ್ವಂತ ಎಣ್ಣೆಯೂ ಅದರ ಜೊತೆ ಹೋಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು, ಹತ್ತು ನಿಮಿಷದೊಳಗೆ ಮುಗಿಸಿ. ಬೋರ್ ನೀರಿನ ಮನೆಯವರು ಇನ್ನೂ ಎಚ್ಚರ ವಹಿಸಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮೈಮೇಲೆ ಪದರ ಕಟ್ಟುತ್ತವೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಉಜ್ಜಿದರೆ ತುರಿಕೆಯೂ ಇನ್ನಷ್ಟು. ಸೋಪನ್ನು ಕಂಕುಳು, ತೊಡೆಸಂದು, ಪಾದಕ್ಕೆ ಸೀಮಿತಗೊಳಿಸಿ.

ಮೈ ಒರೆಸಿಕೊಂಡು ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಇದೊಂದೇ ಅಭ್ಯಾಸ ಅರ್ಧ ಕೆಲಸ ಮುಗಿಸುತ್ತದೆ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಪೆಟ್ರೋಲಿಯಂ ಜೆಲ್ಲಿ ಅದು ಆರಿಹೋಗದಂತೆ ಮುಚ್ಚುತ್ತದೆ. ಮನೆಯ ಕೊಬ್ಬರಿ ಎಣ್ಣೆ ಕೈಕಾಲಿಗೆ ಬಹಳ ಒಳ್ಳೆಯದು. ಮೊಡವೆ ಏಳುವ ಮುಖಕ್ಕೆ ಮಾತ್ರ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ. ರಾತ್ರಿ ಹಿಮ್ಮಡಿಗೆ ಜೆಲ್ಲಿ ಸವರಿ ಸಾಕ್ಸ್ ಹಾಕಿ ಮಲಗಿ. ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುವುದನ್ನು ನಿಲ್ಲಿಸಿ. ಎಂಜಲು ಆರಿದಷ್ಟೂ ತುಟಿ ಒಡೆಯುತ್ತದೆ.

4. ಬೇಸಿಗೆಯಲ್ಲಿ ಅಳತೆ ತಪ್ಪಬೇಡಿ.
ಸನ್‌ಸ್ಕ್ರೀನ್ ಕೆಲಸ ಮಾಡಲಿಲ್ಲ ಎನ್ನುವವರು ಎಷ್ಟು ಹಚ್ಚಿದ್ದೀರಿ ಎಂದು ಮೊದಲು ನೋಡಿಕೊಳ್ಳಿ. ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದಷ್ಟು ಕ್ರೀಮು ಮುಖ ಮತ್ತು ಕತ್ತಿಗೆ ಬೇಕು. ಎಸ್‌ಪಿಎಫ್ 30 ಯುವಿಬಿ ಕಿರಣಗಳ ಸುಮಾರು ಶೇ 97ರಷ್ಟನ್ನು, ಎಸ್‌ಪಿಎಫ್ 50 ಸುಮಾರು ಶೇ 98ರಷ್ಟನ್ನು ತಡೆಯುತ್ತದೆ. ಹೀಗಾಗಿ ದುಬಾರಿ ಡಬ್ಬಿಗಿಂತ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದೇ ಹೆಚ್ಚಿನ ಲಾಭ. ತುಂಬುತೋಳಿನ ಅಂಗಿ, ಟೋಪಿ, ಕೊಡೆ ಜೊತೆಗಿರಲಿ. ಬೆಟ್ಟದ ತಂಪು ನಂಬಬೇಡಿ: ಪ್ರತಿ 1,000 ಮೀಟರ್ ಎತ್ತರಕ್ಕೆ ಯುವಿ ಸುಮಾರು ಶೇ 10ರಷ್ಟು ಏರುತ್ತದೆ. ಕೆಮ್ಮಣ್ಣುಗುಂಡಿಯ ಟ್ರಿಪ್‌ಗೂ ಸನ್‌ಸ್ಕ್ರೀನ್ ಬೇಕೇ ಬೇಕು.

5. ಮಳೆಗಾಲದಲ್ಲಿ ಬೆರಳಸಂದು ಒಣಗಿರಲಿ.
ಮೋಡವಿದ್ದರೂ ಯುವಿ ಇಳಿದು ಬರುತ್ತದೆ, ಸನ್‌ಸ್ಕ್ರೀನ್ ಬಿಡಬೇಡಿ. ದೊಡ್ಡ ಶತ್ರು ಮಾತ್ರ ಫಂಗಸ್. ಕೆಸರುಹುಣ್ಣು, ಹುಳುಕಡ್ಡಿ ಎರಡೂ ಒದ್ದೆಯಲ್ಲೇ ಬೆಳೆಯುವಂಥವು. ಅರೆಬರೆ ಒಣಗಿದ ಜೀನ್ಸ್ ತೊಡಬೇಡಿ. ಒದ್ದೆ ಶೂ ಬಿಚ್ಚಿ, ಬೆರಳಸಂದು ಒರೆಸಿ, ಆರಲು ಬಿಡಿ. ಹಾಸ್ಟೆಲ್ಲಿನಲ್ಲಿ ಟವೆಲ್ ಹಂಚಿಕೊಳ್ಳಬೇಡಿ, ಎಷ್ಟೇ ಜೀವದ ಗೆಳೆಯನಾದರೂ ಸರಿ.

6. ಮೆಡಿಕಲ್ ಶಾಪಿನ ‘ಎಲ್ಲಕ್ಕೂ ಒಂದೇ’ ಟ್ಯೂಬ್ ಮುಟ್ಟಬೇಡಿ.
ಈ ಸೂತ್ರವನ್ನು ಎರಡು ಸಲ ಓದಿ. ತುರಿಕೆಗೆ, ಕಲೆಗೆ, ಬಿಳುಪಿಗೆ ಎಂದು ಚೀಟಿಯಿಲ್ಲದೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೂರು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಹರಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ನಿಲ್ಲಿಸಿದರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಶೆಡ್ಯೂಲ್ ಎಚ್‌ಗೆ ತಂದಿತು. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ವಾಪಸ್ ಕೊಟ್ಟು ಚರ್ಮರೋಗ ವೈದ್ಯರ ಬಳಿ ಹೋಗಿ. ಬಿಳುಪಿನ ಹಂಬಲವನ್ನೂ ಅಲ್ಲೇ ಬಿಟ್ಟು ಬನ್ನಿ. ನಮ್ಮ ಕಂದುಬಣ್ಣದ ಮೆಲನಿನ್ ಬಿಸಿಲಿನಿಂದ ನಮ್ಮನ್ನು ಕಾಯುತ್ತಿದೆ. ಆ ಹಂಬಲವನ್ನು ದಶಕಗಳ ಕಾಲ ಮಾರಿದ ಕಂಪನಿಯೇ 2020ರಲ್ಲಿ ತನ್ನ ಕ್ರೀಮಿನ ಹೆಸರಿನಿಂದ ‘ಫೇರ್’ ತೆಗೆದುಹಾಕಿತು.

7. ಕೆಲಸದ ಕೈಗೂ ಆರೈಕೆ ಕೊಡಿ.
ರಜೆಗೆ ಬಂದಾಗ ಈರುಳ್ಳಿ ಕೊಯ್ಯುವವರು, ಅಡಿಕೆ ಸುಲಿಯುವವರು ನೀವೇ ತಾನೆ? ಹಸಿ ಅಡಿಕೆಯ ಚೊಗರು ಬೆರಳ ಗೆರೆಗಳಲ್ಲಿ ಕಪ್ಪಗೆ ಕೂರುತ್ತದೆ, ಬ್ಲೀಚಿಂಗ್ ಪೌಡರಿನಲ್ಲಿ ತಿಕ್ಕಿದರೆ ಚರ್ಮವೇ ಸೀಳುತ್ತದೆ. ಕೆಲಸಕ್ಕೆ ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿ, ಮುಗಿದ ಮೇಲೆ ತೊಳೆದು ಮತ್ತೆ ಕ್ರೀಮು ಹಚ್ಚಿ. ಉಳಿದ ಕಲೆ ಕೆಲವೇ ದಿನಗಳಲ್ಲಿ ತಾನೇ ಹೋಗುತ್ತದೆ. ಅದಕ್ಕೆ ನಾಚಬೇಕಿಲ್ಲ.

8. ಎಸಿ, ಹೀಟರ್ ಎರಡನ್ನೂ ಚಳಿಗಾಲವೆಂದೇ ತಿಳಿಯಿರಿ.
ಹೊರಗೆ ಮಂಗಳೂರೋ ದುಬೈಯೋ ಬೇಯುತ್ತಿರಲಿ, ದಿನಕ್ಕೆ ಎಂಟು ಗಂಟೆ ಎಸಿಯಲ್ಲಿ ಕೂತವರ ಚರ್ಮಕ್ಕೆ ಅದು ಒಣಗಾಳಿಯೇ. ಜರ್ಮನಿಗೋ ಕೆನಡಾಗೋ ಎಂ.ಎಸ್. ಮಾಡಲು ಹೊರಟವರಿಗೆ ಹೀಟರ್ ಹಚ್ಚಿದ ರೂಮು ನಮ್ಮ ಮಾಗಿಗಿಂತ ಕಠಿಣ. ಅಲ್ಲಿಗೆ ಜೆಲ್ ಒಯ್ಯಬೇಡಿ, ಸೆರಮೈಡ್ ಇರುವ ದಪ್ಪ ಕ್ರೀಮು ಒಯ್ಯಿರಿ.

9. ಒಂದು ಸಲಕ್ಕೆ ಒಂದೇ ಬದಲಾವಣೆ.
ಹೊಸದನ್ನು ಮೊದಲು ಮೊಣಕೈ ಒಳಭಾಗಕ್ಕೆ ಎರಡು ಮೂರು ದಿನ ಹಚ್ಚಿ ನೋಡಿ. ಉರಿ, ತುರಿಕೆ ಇಲ್ಲದಿದ್ದರೆ ಮುಖಕ್ಕೆ. ಆಮೇಲೆ ನಾಲ್ಕು ವಾರ ಕಾಯಿರಿ, ಮೇಲ್ಪದರ ಹೊಸದಾಗಲು ಸುಮಾರು ಅಷ್ಟು ಸಮಯ ಬೇಕು. ಮೂರು ಹೊಸ ವಸ್ತು ಒಟ್ಟಿಗೆ ಶುರುಮಾಡಿದರೆ ಯಾವುದು ಕೈಕೊಟ್ಟಿತೆಂದು ತಿಳಿಯುವುದಿಲ್ಲ. ಹೊಸ ಊರಿಗೆ ಹೋದ ಮೊದಲ ವಾರ ಹಳೆಯ ವಸ್ತುಗಳೇ ಇರಲಿ, ಅಲ್ಲಿನ ಗಾಳಿ ನೋಡಿಕೊಂಡು ಬದಲಿಸಿ. ಕ್ಯಾಂಪಸ್ ಇಂಟರ್‌ವ್ಯೂ ಜನವರಿಯಲ್ಲಿದ್ದರೆ ಹೊಸ ಕ್ರೀಮಿನ ಪರೀಕ್ಷೆ ನವೆಂಬರ್‌ನಲ್ಲೇ ಮುಗಿಸಿ. ಹಿಂದಿನ ರಾತ್ರಿ ಫೇಸ್‌ಪ್ಯಾಕ್, ಬ್ಲೀಚ್ ಯಾವುದೂ ಬೇಡ. ಮುಖ ತೊಳೆದು, ಎಂದಿನ ಕ್ರೀಮು ಹಚ್ಚಿ, ರೆಸ್ಯೂಮೆ ಇನ್ನೊಮ್ಮೆ ಓದಿ ಮಲಗಿ.