ಆಳ ಹಿಮದಲ್ಲಿ ಓಡಿದ ಪಿಕಪ್ ಕೈಕೊಟ್ಟರೆ: 12 ಸೂತ್ರಗಳು

ನವೆಂಬರ್ ಕಳೆಯಿತೆಂದರೆ ಕೊಲೊರಾಡೊದ ರಾಕಿ ಬೆಟ್ಟಗಳ ಕಾಡುದಾರಿಗಳ ಮೇಲೆ ಮೊಳಕಾಲುದ್ದ ಹಿಮ ಕೂರುತ್ತದೆ. ಶನಿವಾರ ಬಂತೆಂದರೆ ಟಕೋಮಾ, ಎಫ್-150, ಸಿಲ್ವರಾಡೊ ಪಿಕಪ್‌ಗಳು ಅದನ್ನು ಸೀಳಿಕೊಂಡು ಮೇಲೇರುತ್ತವೆ. ಸಕಲೇಶಪುರದ ಎಸ್ಟೇಟ್ ದಾರಿಗಳ ಕೆಸರಿನಲ್ಲಿ ಜೀಪ್ ಓಡಿಸಿ ಕೈ ಪಳಗಿಸಿಕೊಂಡವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಕೆಸರು ಒಣಗಿದರೆ ಉದುರಿ ಹೋಗುತ್ತದೆ. ಹಿಮ ಹಾಗಲ್ಲ. ಇಂಜಿನ್ನಿನ ಬಿಸಿಗೆ ಕರಗಿ ಸಂದಿಗೊಂದಿಗಳಿಗೆಲ್ಲ ಇಳಿದು, ರಾತ್ರಿಯ ಚಳಿಗೆ ಅಲ್ಲೇ ಮತ್ತೆ ಕಲ್ಲಾಗುತ್ತದೆ. ಸಂಜೆ ನೆಟ್ಟಗೆ ಮನೆ ಸೇರಿದ ಗಾಡಿ ಬೆಳಿಗ್ಗೆ ಹೊಸ ರೋಗ ತೋರಿಸುವುದು ಇದಕ್ಕೇ.

ತೊಂದರೆಗಳು ಮೂರು ಬಗೆ. ಹಿಮ ಮೆತ್ತಿಕೊಂಡಿದ್ದರಿಂದ ಬಂದದ್ದು, ನೀರು ಒಳಗೆ ಹೊಕ್ಕಿದ್ದರಿಂದ ಬಂದದ್ದು, ಏನಕ್ಕೋ ತಗುಲಿ ಪೆಟ್ಟಾಗಿದ್ದರಿಂದ ಬಂದದ್ದು. ಮೊದಲನೆಯದಕ್ಕೆ ಖರ್ಚಿಲ್ಲ, ಎರಡನೆಯದಕ್ಕೆ ತಡ ಮಾಡುವಂತಿಲ್ಲ, ಮೂರನೆಯದು ತಾನಾಗಿ ವಾಸಿಯಾಗುವುದಿಲ್ಲ. ಈ ವಿಂಗಡಣೆ ಬಂದರೆ ಗ್ಯಾರೇಜಿಗೆ ಸುಮ್ಮನೆ ಸುರಿಯುವ ದುಡ್ಡು ಉಳಿಯುತ್ತದೆ, ನಿಜವಾಗಿ ಹೆದರಬೇಕಾದ ಕಡೆ ಹೆದರುವುದಕ್ಕೂ ಬರುತ್ತದೆ.

1. ಟಾರು ರಸ್ತೆ ಸಿಕ್ಕ ಕೂಡಲೇ ನಿಲ್ಲಿಸಿ

ಮನೆಗೆ ಹೋಗಿ ನೋಡಿದರಾಯಿತು ಎನ್ನಬೇಡಿ. ಹೆದ್ದಾರಿ ಹತ್ತುವ ಮೊದಲೇ ಅಗಲವಾದ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಬಗ್ಗಿ ಕೆಳಗೆ ನೋಡಿ. ನೇತಾಡುವ ಪ್ಲಾಸ್ಟಿಕ್, ತೊಟ್ಟಿಕ್ಕುವ ಎಣ್ಣೆ, ಜೋತುಬಿದ್ದ ವೈರು ಇವೆಯೇ? ಹಿಮದ ಮೇಲೆ ಬಿದ್ದ ಹನಿಯ ಬಣ್ಣ ಚೆನ್ನಾಗಿ ಕಾಣುತ್ತದೆ: ಕೆಂಪಾದರೆ ಬಹುಶಃ ಗೇರ್‌ಬಾಕ್ಸಿನ ಎಣ್ಣೆ, ಕಂದು ಅಥವಾ ಕಪ್ಪಾದರೆ ಇಂಜಿನ್ ಇಲ್ಲವೇ ಡಿಫರೆನ್ಶಿಯಲ್ ಎಣ್ಣೆ, ಹಸಿರು ಅಥವಾ ಗುಲಾಬಿಯಾಗಿ ಸಿಹಿ ವಾಸನೆ ಬಂದರೆ ಕೂಲೆಂಟ್. ಬರೀ ನೀರಾದರೆ ನೆಮ್ಮದಿ.

2. ಗಾಡಿ ನಡುಗಿದರೆ ಮೊದಲು ರಿಮ್ಮಿನ ಒಳಗೆ ಕೈ ಹಾಕಿ

ಎಲ್ಲಕ್ಕಿಂತ ಹೆಚ್ಚು ಜನ ಗಾಬರಿಯಾಗುವುದು ಇದಕ್ಕೆ. ಕಾಡುದಾರಿಯಲ್ಲಿ ಸುಮ್ಮನಿದ್ದ ಗಾಡಿ ಹೆದ್ದಾರಿಯಲ್ಲಿ ಗಂಟೆಗೆ 45 ಮೈಲಿ ದಾಟುತ್ತಿದ್ದಂತೆ ಸ್ಟಿಯರಿಂಗ್ ಕೈಯಲ್ಲಿ ನಿಲ್ಲದಷ್ಟು ನಡುಗತೊಡಗುತ್ತದೆ. ಆಕ್ಸಲ್ ಬಾಗಿತೇ, ಬೇರಿಂಗ್ ಹೋಯಿತೇ ಎಂದು ತಲೆ ಓಡುತ್ತದೆ. ಸಾಮಾನ್ಯವಾಗಿ ಎರಡೂ ಅಲ್ಲ.

ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡುವಾಗ ರಿಮ್ಮಿಗೆ 10, 20 ಗ್ರಾಮಿನ ತೂಕ ಅಂಟಿಸುವುದನ್ನು ನೋಡಿರುತ್ತೀರಿ. ಅಷ್ಟೇ ಅಷ್ಟು ವ್ಯತ್ಯಾಸವೂ ವೇಗದಲ್ಲಿ ಕೈಗೆ ಗೊತ್ತಾಗುತ್ತದೆ. ಹೀಗಿರುವಾಗ ರಿಮ್ಮಿನ ಒಳಬದಿಯಲ್ಲಿ, ಒಂದೇ ಕಡೆ, ಅರ್ಧ ಕೆ.ಜಿ. ಹಿಮ ಗಟ್ಟಿಯಾಗಿ ಕೂತರೆ ಏನಾದೀತು? ಹೊರಗಿನಿಂದ ನೋಡಿದರೆ ಚಕ್ರ ಚೊಕ್ಕಟವಾಗಿಯೇ ಇರುತ್ತದೆ. ಅದಕ್ಕೇ ಕಡ್ಡಿಗಳ ನಡುವೆ ಕೈಗವಸು ತೊಟ್ಟ ಕೈಯನ್ನೇ ತೂರಿಸಿ ಒಳಗೋಡೆ ಸವರಬೇಕು. ಮರದ ಕೋಲು ಅಥವಾ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಎಬ್ಬಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ಪಕ್ಕದಲ್ಲೇ ಬ್ರೇಕಿನ ರಬ್ಬರ್ ಪೈಪ್ ಇದೆ. ಬ್ರೇಕ್ ಡಿಸ್ಕ್ ಕಾದಿರಬಹುದು, ಮುಟ್ಟುವ ಮುನ್ನ ನೋಡಿಕೊಳ್ಳಿ. ನಾಲ್ಕೂ ಚಕ್ರಗಳ ಹಿಮ ಬಿಡಿಸಿ. ಕಾಣದ ಕಡೆ ಉಳಿದದ್ದನ್ನು ಕಾರ್ ವಾಶ್‌ನ ಪ್ರೆಶರ್ ನೀರು ತೆಗೆಯುತ್ತದೆ.

ಎಲ್ಲ ತೆಗೆದ ಮೇಲೂ ನಡುಕ ನಿಲ್ಲದಿದ್ದರೆ ಆಗ ಬಾಗಿದ ರಿಮ್, ಟೈರು, ಬೇರಿಂಗ್ ಕಡೆ ಗಮನ ಕೊಡಿ. ಚಕ್ರ ತಿರುಗಿದಂತೆಲ್ಲ ಗುಂಯ್ ಎಂಬ ಸದ್ದು ಏರಿದರೆ ಬೇರಿಂಗ್ ಮೇಲೆ ಅನುಮಾನ ಪಡಬಹುದು.

3. ಹೊಗೆ ಕೊಳವೆಯ ಬಾಯಿ ಕಟ್ಟದಂತೆ ನೋಡಿಕೊಳ್ಳಿ

ಇಲ್ಲಿ ಕಾದು ನೋಡುವ ಮಾತೇ ಇಲ್ಲ. ಹಿಂದಕ್ಕೆ ಹೋಗುವಾಗ ಹಿಮದ ದಿಬ್ಬಕ್ಕೆ ಗುದ್ದಿದರೆ ಸೈಲೆನ್ಸರಿನ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಜಿನ್ ಉಸಿರು ಕಟ್ಟಿದಂತೆ ಎಳೆದಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ನಿಗೆ ನುಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಬೆಟ್ಟದ ಎತ್ತರದಿಂದ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಇಂಜಿನ್ ಆರಿಸಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗಿಳಿಸಿ. ಹಿಮದಲ್ಲಿ ಸಿಕ್ಕಿಕೊಂಡು ಹೀಟರ್ ಹಾಕಿಕೊಂಡು ಕಾಯುವವರಂತೂ ಮೊದಲು ಕೊಳವೆಯ ಸುತ್ತಲಿನ ಹಿಮವನ್ನು ಸಲಿಕೆಯಿಂದ ಬಿಡಿಸಲೇಬೇಕು, ಹಿಮ ಬೀಳುತ್ತಿದ್ದರೆ ಮತ್ತೆ ಮತ್ತೆ. ಪೈಪ್ ಎಲ್ಲಾದರೂ ಒಡೆದು ಗಾಡಿಯ ಕೆಳಗೆ ಭರ್ರೆಂದು ಸದ್ದಾಗುತ್ತಿದ್ದರೂ ಇದೇ ಎಚ್ಚರಿಕೆ.

4. ಬ್ರೇಕನ್ನು ಒಣಗಿಸಿ, ಆಮೇಲೆ ನಂಬಿ

ಹಿಮದಿಂದ ಬಂದ ಗಾಡಿಯ ಮೊದಲ ಬ್ರೇಕು ಹಿಡಿಯುವುದು ತಡ. ಡಿಸ್ಕಿನ ಮೇಲೆ ನೀರು, ಐಸು ಇರುತ್ತದೆ. ಹಿಂದೆ ಯಾರೂ ಇಲ್ಲದಾಗ ನಿಧಾನ ವೇಗದಲ್ಲಿ ನಾಲ್ಕಾರು ಬಾರಿ ಮೆಲ್ಲಗೆ ಪೆಡಲ್ ಒತ್ತಿ, ಒಣಗುತ್ತದೆ. ಆದರೆ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಅದು ಐಸಿನ ಕೆಲಸವಲ್ಲ, ಪೈಪ್ ಹರಿದಿರಬಹುದು. ಕೆಂಪು ಬ್ರೇಕ್ ದೀಪ ಹೊತ್ತಿದರೂ ಅಷ್ಟೇ. ಟೋ ಮಾಡಿಸಿ; ಬೆಟ್ಟದ ಇಳಿಜಾರಿನಲ್ಲಿ ಸಾಹಸ ಬೇಡ.

ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕದೆ, ಗೇರನ್ನು ಪಾರ್ಕ್‌ನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡುವುದು ವಾಸಿ. ಒದ್ದೆ ಕೇಬಲ್ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಹಾಗಾದರೆ ಆಕ್ಸಿಲರೇಟರ್ ತುಳಿದು ಎಳೆಯಬೇಡಿ. ಬಿಸಿಲಿಗೋ ಬೆಚ್ಚಗಿನ ಗ್ಯಾರೇಜಿಗೋ ಬಿಟ್ಟು ಕಾಯಿರಿ. ಕುದಿನೀರು ಸುರಿಯುವುದೂ ಸಲ್ಲ, ಆ ನೀರೇ ಮತ್ತೆ ಹೆಪ್ಪುಗಟ್ಟುತ್ತದೆ.

5. ಡ್ಯಾಶ್‌ಬೋರ್ಡಿನ ದೀಪಗಳಿಗೆ ಬಣ್ಣ ನೋಡಿ ಉತ್ತರಿಸಿ

ಎಬಿಎಸ್, ಟ್ರ್ಯಾಕ್ಷನ್, ಸ್ಟೆಬಿಲಿಟಿ ಎಂದು ಹಳದಿ ದೀಪಗಳು ಸಾಲಾಗಿ ಹೊತ್ತಿದರೆ ಎಲ್ಲಕ್ಕೂ ಕಾರಣ ಒಂದೇ ಇರಬಹುದು: ಚಕ್ರದ ವೇಗ ಅಳೆಯುವ ಸೆನ್ಸರ್. ಅದು ಹಬ್ಬಿನ ಬಳಿ ಕೂತಿರುತ್ತದೆ, ಅದರ ತೆಳು ವೈರು ತೆರೆದ ಜಾಗದಲ್ಲೇ ಹಾದು ಬರುತ್ತದೆ. ಐಸು ಕಟ್ಟಿದರೆ ಮಂಕಾಗುತ್ತದೆ, ಐಸು ಎಳೆದರೆ ಕಿತ್ತು ಬರುತ್ತದೆ. ತೊಳೆದು, ಕರಗಲು ಬಿಟ್ಟು, ಮರುದಿನ ಓಡಿಸಿ ನೋಡಿ. ದೀಪ ಆರಿದರೆ ಸರಿ. ಆರದಿದ್ದರೆ ವೈರು ನೋಡಿ. ಎಬಿಎಸ್ ದೀಪ ಒಂದೇ ಇದ್ದರೆ ಮಾಮೂಲಿ ಬ್ರೇಕು ಕೆಲಸ ಮಾಡುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಬಹುದು.

ಅಮೆರಿಕದಲ್ಲಿ 1996ರಿಂದೀಚೆಗೆ ಮಾರಾಟವಾದ ಕಾರು, ಪಿಕಪ್‌ಗಳಲ್ಲಿ ಸ್ಟಿಯರಿಂಗ್ ಕೆಳಗೆ ಒಬಿಡಿ-2 ಪೋರ್ಟ್ ಇದೆ. ಅದಕ್ಕೆ ಸಿಕ್ಕಿಸುವ ಒಂದು ಕೋಡ್ ರೀಡರ್ ಡ್ಯಾಶ್‌ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ ಎಂದು ಒತ್ತಾಯವಾಗಿ ಹೇಳುತ್ತೇನೆ. ಅದು ಪಿ0300 ತೋರಿಸಿದರೆ ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲ ಎಂದರ್ಥ. ಇಗ್ನಿಷನ್ ಕಾಯಿಲ್‌ಗಳಿಗೆ ನೀರು ಹೋಗಿರಬಹುದು. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸುವುದು ನಿಲ್ಲಿಸಿ, ಸುಡದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಹಾಕುತ್ತದೆ. ಅಗ್ಗದ ರೀಡರುಗಳು ಎಬಿಎಸ್ ಕೋಡ್ ಓದುವುದಿಲ್ಲ, ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ.

6. ಫೋರ್ ವೀಲ್ ಡ್ರೈವ್ ಬಿಡದಿದ್ದರೆ ಜಗ್ಗಬೇಡಿ

ಪಿಕಪ್‌ಗಳ 4ಹೈನಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು. ಹಿಮದಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ತೀರುತ್ತದೆ, ಒಣ ರಸ್ತೆಯಲ್ಲಿ ತೀರದೆ ಬಿಗಿತವಾಗಿ ಉಳಿಯುತ್ತದೆ. ತಿರುವಿನಲ್ಲಿ ಗಾಡಿ ಕುಪ್ಪಳಿಸಿದಂತಾಗುವುದು, ಎರಡೇ ಚಕ್ರ ಎಳೆಯುವ 2ಹೈ ಒತ್ತಿದರೂ ದೀಪ ಮಿಣುಕುತ್ತಲೇ ಇರುವುದು ಇದರ ಗುರುತು. ಸ್ಟಿಯರಿಂಗ್ ನೇರ ಮಾಡಿ, 2ಹೈ ಆಯ್ದು, ಕೆಲವು ಮೀಟರು ಹಿಂದಕ್ಕೆ, ಮತ್ತೆ ಮುಂದಕ್ಕೆ ನಿಧಾನ ಚಲಿಸಿ. ಬಿಗಿ ಸಡಿಲಿ ಬಿಟ್ಟುಕೊಳ್ಳುತ್ತದೆ. ಕಡಿಮೆ ವೇಗದ 4ಲೋನಿಂದ ಬರುವಾಗ ಗಾಡಿ ನಿಲ್ಲಿಸಿ ನ್ಯೂಟ್ರಲ್ ಹಾಕುವುದನ್ನು ಮರೆಯಬೇಡಿ. ಗಾಡಿಯ ಕೈಪಿಡಿಯಲ್ಲಿ ಕ್ರಮ ಬರೆದಿರುತ್ತದೆ.

ಎಫ್-150 ಇಟ್ಟುಕೊಂಡವರಿಗೆ ಒಂದು ಮಾತು. 2004ರಿಂದ ಬಹಳ ವರ್ಷ ಬಂದ ಮಾದರಿಗಳಲ್ಲಿ ಮುಂದಿನ ಹಬ್‌ಗಳನ್ನು ಬಿಡಿಸಿ ಹಿಡಿಯುವುದು ಇಂಜಿನ್ನಿನ ವ್ಯಾಕ್ಯೂಮ್. ಅದರ ಸಣ್ಣ ಪೈಪು ಬಿರಿದರೆ, ಇಲ್ಲವೇ ಆ ವ್ಯಾಕ್ಯೂಮನ್ನು ತೆರೆದು ಮುಚ್ಚುವ ಸೊಲೆನಾಯ್ಡಿಗೆ ನೀರು ಹೋದರೆ ಹಬ್ಬು ಅರೆಬರೆ ಕಚ್ಚಿ ಮುಂದಿನ ಚಕ್ರದಿಂದ ಕರಕರ ಸದ್ದು ಬರುತ್ತದೆ. ಗೇರ್‌ಬಾಕ್ಸ್ ಹೋಯಿತು ಎಂದುಕೊಳ್ಳುವ ಮೊದಲು ಆ ಪೈಪು ನೋಡಿಸಿ. ಹಾಗೇ ಓಡಿಸಿದರೆ ಮಾತ್ರ ಹಬ್ಬಿನ ಹಲ್ಲುಗಳು ಸವೆಯುತ್ತವೆ.

7. ಇಂಜಿನ್ ಕಾದರೂ, ಬೆಲ್ಟ್ ಕಿರುಚಿದರೂ ಮುಂಭಾಗದ ಹಿಮ ಬಿಡಿಸಿ

ಚಳಿಗಾಲದಲ್ಲಿ ಇಂಜಿನ್ ಕಾಯುವುದುಂಟೇ? ಉಂಟು. ಬಂಪರಿನಿಂದ ಹಿಮ ತಳ್ಳಿಕೊಂಡು ಹೋದರೆ ಜಾಲರಿ, ರೇಡಿಯೇಟರ್ ಎರಡೂ ಮುಚ್ಚಿ ಗಾಳಿಯೇ ಆಡುವುದಿಲ್ಲ. ಬ್ರಷ್ಷಿನಿಂದ ಬಿಡಿಸಿ, ಗಟ್ಟಿಯಾಗಿ ಕೆರೆದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಎತ್ತಿ, ಫ್ಯಾನಿನ ರೆಕ್ಕೆಗಳು ಐಸಿನಲ್ಲಿ ಹೂತಿಲ್ಲ ತಾನೇ ಎಂದು ನೋಡಿ. ಹೂತಿದ್ದರೆ ರೆಕ್ಕೆ ಮುರಿಯಬಹುದು, ಫ್ಯೂಸ್ ಹೋಗಬಹುದು. ಒದ್ದೆ ಬೆಲ್ಟ್ ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾದರೆ ಚಿಂತೆಯಿಲ್ಲ. ಬ್ಯಾಟರಿ ದೀಪ ಹೊತ್ತಿ, ಜೊತೆಗೆ ಇಂಜಿನ್ ಕಾಯತೊಡಗಿದರೆ ಬೆಲ್ಟೇ ಕಳಚಿದೆ ಎಂದರ್ಥ, ಕೂಡಲೇ ಆರಿಸಿ.

8. ಎಳೆತ ಕಡಿಮೆಯಾದರೆ ಏರ್ ಫಿಲ್ಟರ್ ತೆಗೆದು ನೋಡಿ

ಪುಡಿಹಿಮ ಬಾನೆಟ್ಟಿನ ಮೇಲೆ ಹಾರಿದಂತೆ ಇಂಜಿನ್ ಗಾಳಿ ಎಳೆಯುವ ಕೊಳವೆಯ ಒಳಕ್ಕೂ ಹೋಗುತ್ತದೆ. ಕ್ಲಿಪ್ ಬಿಚ್ಚಿ ಪೆಟ್ಟಿಗೆ ತೆರೆದರೆ ಕಾಗದದ ಫಿಲ್ಟರಿನ ಮಡಿಕೆಗಳಲ್ಲಿ ಹಿಮ ತುಂಬಿರುವುದು ಕಾಣುತ್ತದೆ. ಕೊಡವಿ, ಪೆಟ್ಟಿಗೆ ಒರೆಸಿ, ಫಿಲ್ಟರ್ ಒಣಗಿಸಿ. ಹಿಗ್ಗಿ ಸೊಟ್ಟಗಾಗಿದ್ದರೆ ಬದಲಿಸಿ.

9. ಇಳಿಸಿದ ಗಾಳಿಯನ್ನು ತಿರುಗಿ ತುಂಬಿ

ಹಿಮದಲ್ಲಿ ತೇಲಲೆಂದು 15 ಪಿಎಸ್‌ಐಗೆ ಇಳಿಸಿದ್ದರೆ ಹೆದ್ದಾರಿಗೆ ಮುನ್ನ ಡ್ರೈವರ್ ಬಾಗಿಲಿನ ಚೀಟಿಯಲ್ಲಿರುವಷ್ಟು ತುಂಬಬೇಕು. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ, ಗಾಳಿ ಮೊದಲೇ ಕಡಿಮೆಯಿದ್ದರೆ ಬೆಳಿಗ್ಗೆ ಟೈರ್ ಒತ್ತಡದ ದೀಪ ಹೊತ್ತುವುದಕ್ಕೆ ಅಷ್ಟು ಸಾಕು. ಒಂದೇ ಟೈರು ದಿನವೂ ಇಳಿಯುತ್ತಿದ್ದರೆ ಅದರ ಅಂಚಿಗೂ ರಿಮ್ಮಿಗೂ ನಡುವೆ ಐಸೋ ಮಣ್ಣೋ ಸಿಕ್ಕಿರಬಹುದು. ಸೋಪುನೀರು ಹಚ್ಚಿ ಗುಳ್ಳೆ ನೋಡಿ.

10. ಡಿಫರೆನ್ಶಿಯಲ್ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದೆಯೇ ನೋಡಿಸಿ

ತಡವಾಗಿ ಬಯಲಾಗುವ ತೊಂದರೆ ಇದು, ಅದಕ್ಕೇ ದುಬಾರಿ. ಬಿಸಿಯಾಗಿ ದುಡಿಯುತ್ತಿದ್ದ ಡಿಫರೆನ್ಶಿಯಲ್ ಒಮ್ಮೆಲೇ ಕರಗಿದ ಹಿಮದ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಉಸಿರಾಟದ ಸಣ್ಣ ಕೊಳವೆ ಕಟ್ಟಿದ್ದರೆ ಆ ಎಳೆತ ಆಯಿಲ್ ಸೀಲಿನ ಮೂಲಕ ನೀರನ್ನೇ ತರುತ್ತದೆ. ಮೇಲಿನ ಪ್ಲಗ್ ಬಿಚ್ಚಿ ಬೆರಳ ತುದಿಯಲ್ಲಿ ಎಣ್ಣೆ ತೆಗೆದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಎಣ್ಣೆ ಬದಲಿಸದೆ ಓಡಿಸಿದರೆ ಗೇರು, ಬೇರಿಂಗ್ ಎರಡೂ ಹಾಳು. ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಇದೇ ಪರೀಕ್ಷೆ. ಹಿಮದಲ್ಲಿ ಸಿಕ್ಕಿಕೊಂಡು ಡ್ರೈವ್, ರಿವರ್ಸ್ ಎಂದು ಬಹಳ ಹೊತ್ತು ಜೀಕಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನೂ ನೋಡಿಸಿ; ಸುಟ್ಟ ವಾಸನೆ ಬರುವ ಕಪ್ಪೆಣ್ಣೆಯನ್ನು ಉಳಿಸಬಾರದು.

ಹಾಗೇ ಮುಂದಿನ ಚಕ್ರಗಳ ಒಳಬದಿಗೆ ಗ್ರೀಸ್ ಚಿಮ್ಮಿದೆಯೇ ನೋಡಿ. ಚಿಮ್ಮಿದ್ದರೆ ಆಕ್ಸಲ್ಲಿನ ರಬ್ಬರ್ ಬೂಟ್ ಹರಿದಿದೆ. ಇನ್ನೂ ಟಕಟಕ ಸದ್ದು ಬಂದಿಲ್ಲವಾದರೆ ಬೂಟ್ ಒಂದನ್ನೇ ಹಾಕಿಸಿ ಪಾರಾಗಬಹುದು. ನೇರ ರಸ್ತೆಯಲ್ಲೂ ಸ್ಟಿಯರಿಂಗ್ ಓರೆಯಾಗಿ ನಿಂತರೆ ಹಿಮದಡಿಯ ಬಂಡೆಗೆ ತಗುಲಿ ಟೈ ರಾಡ್ ಬಾಗಿರಬಹುದು. ಬರೀ ಅಲೈನ್‌ಮೆಂಟ್ ಮಾಡಿಸಿ ಕೈ ತೊಳೆದುಕೊಳ್ಳಬೇಡಿ, ಬಾಗಿದ ಭಾಗವನ್ನೇ ಬದಲಿಸಿ.

11. ಕೆಳಭಾಗದ ಉಪ್ಪು ತೊಳೆಯಿರಿ

ಕಾಡಿನ ಹಿಮ ಶುದ್ಧ. ವಾಪಸು ಬರುವ ಹೆದ್ದಾರಿಯದ್ದಲ್ಲ. ಕೊಲೊರಾಡೊದಲ್ಲಿ ಐಸು ಬಿಡಿಸಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸುತ್ತಾರೆ. ಗಾಡಿಯ ತಳದಲ್ಲಿ ಮೆತ್ತಿದ ಹಿಮ ಅದನ್ನು ಹೀರಿಕೊಂಡು ಫ್ರೇಮಿಗೆ ಅಂಟಿಸಿಡುತ್ತದೆ. ತುಕ್ಕಿನ ಬೆಲೆ ಸಣ್ಣದಲ್ಲ: ಟಕೋಮಾ, ಟುಂಡ್ರಾ, ಸೆಕ್ವೋಯಾಗಳ ಫ್ರೇಮ್ ತುಕ್ಕಿನ ಮೊಕದ್ದಮೆಯಲ್ಲಿ ಟೊಯೊಟಾ 2016ರಲ್ಲಿ ಒಪ್ಪಿದ ರಾಜಿಯ ಅಂದಾಜು ಮೊತ್ತ 340 ಕೋಟಿ ಡಾಲರ್. ತಾಪಮಾನ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವ ಮಧ್ಯಾಹ್ನ ನೋಡಿ ತಳ ತೊಳೆಸಿ. ಆಮೇಲೆ ಬಾಗಿಲಿನ ರಬ್ಬರ್ ಒರೆಸಿ, ಬ್ರೇಕ್ ಒಣಗಿಸಿ.

12. ಮೆಕ್ಯಾನಿಕ್‌ಗೆ ಲಕ್ಷಣ ಹೇಳಿ, ರೋಗದ ಹೆಸರು ಹೇಳಬೇಡಿ

"ಬೇರಿಂಗ್ ಹಾಕಿ" ಎಂದರೆ ಬೇರಿಂಗನ್ನೇ ಹಾಕುತ್ತಾರೆ. ಎಷ್ಟು ವೇಗದಲ್ಲಿ ಸದ್ದು ಬಂತು, ನೇರ ಹೋಗುವಾಗಲೋ ತಿರುವಿನಲ್ಲೋ, ಬ್ರೇಕ್ ಒತ್ತಿದಾಗ ಹೆಚ್ಚಿತೋ ಕಡಿಮೆಯಾಯಿತೋ, ಇಂಜಿನ್ ತಣ್ಣಗಿದ್ದಾಗಲೋ ಕಾದ ಮೇಲೋ, ಹಿಮ ಕರಗಿದ ಮೇಲೂ ಉಳಿಯಿತೋ ಎಂಬುದನ್ನು ಹೇಳಿ. ದೀಪ ಹೊತ್ತಿದ ಡ್ಯಾಶ್‌ಬೋರ್ಡಿನ ಫೋಟೊ, ಬರೆದಿಟ್ಟುಕೊಂಡ ಕೋಡ್ ತೋರಿಸಿ. ಕೋಡ್ ಅಳಿಸಿ ಗಾಡಿ ಒಯ್ದರೆ ಅವರಿಗೆ ಹಿಡಿಯಲು ಎಳೆಯೇ ಉಳಿಯುವುದಿಲ್ಲ. ಹಿಮದಲ್ಲಿ ಎಲ್ಲಿಯವರೆಗೆ ಇಳಿದಿತ್ತು, ಏನಕ್ಕೆ ತಗುಲಿತು ಎಂಬುದನ್ನೂ ಮುಚ್ಚಿಡದೆ ಹೇಳಿ, ಗಾಡಿ ಎತ್ತಿದಾಗ ನೀವೂ ಕೆಳಗೆ ನಿಂತು ನೋಡಲು ಅವಕಾಶ ಕೇಳಿ.