ಅಜ್ಜಿಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು?



ದೀಪಾವಳಿ ಲಕ್ಷ್ಮೀಪೂಜೆಗೆ ಹಳೇ ಬೆಳ್ಳಿ ರೂಪಾಯಿ ಇಡುವ ಮನೆಗಳು ನಮ್ಮ ಗುಡ್ಡಾಪುರದ ಕಡೆ ಇನ್ನೂ ಇವೆ. ಕಳೆದ ಹಬ್ಬ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂಥ ಎರಡು ರೂಪಾಯಿ ತಂದಳು. ಒಂದು 1919ರದು, ಇನ್ನೊಂದು 1944ರದು. ಅಜ್ಜಿ ಮಾರಲು ಹೋದಾಗ ಸರಾಫರು ಎರಡನೆಯದಕ್ಕೆ ಸುಮಾರು ಅರ್ಧ ರೊಕ್ಕ ಹೇಳಿದ್ದರಂತೆ. "ಎರಡೂ ಒಂದೇ ತೂಕ ಅದಾವ್ರಿ ಸರ್, ಇದು ಮೋಸ ಅಲ್ಲೇನ್ರಿ?" ಅಂದಳು. ನನಗೂ ಹಾಗೇ ಅನ್ನಿಸಿತು.

ತೂಕ ಒಂದೇ ಇದ್ದರೂ ಲೋಹ ಬೇರೆ ಇರಬಹುದಲ್ಲ! ಹಾಗಿದ್ದರೆ ಸಾಂದ್ರತೆ ಬೇರೆ ಬರಬೇಕು. ಮೊದಲು ಅಳತೆಯ ಜಾಡಿಯಲ್ಲಿ ನಾಣ್ಯ ಮುಳುಗಿಸಿ ನೋಡಿದೆವು. ಏನೂ ತಿಳಿಯಲಿಲ್ಲ. ಎರಡರ ಗಾತ್ರದ ವ್ಯತ್ಯಾಸ ಸುಮಾರು 0.1 ಮಿಲಿಲೀಟರ್, ಅಂದರೆ ನೀರಿನ ಎರಡೇ ಹನಿ. ಅದು ಆ ಜಾಡಿಗೆ ಎಲ್ಲಿ ಕಾಣಬೇಕು?

ಆಮೇಲೆ 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ತೆಗೆದುಕೊಂಡೆವು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆವು. ನೀರು ನಾಣ್ಯವನ್ನು ಮೇಲಕ್ಕೆ ತಳ್ಳುತ್ತದೆ, ನಾಣ್ಯ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ಹಾಗಾಗಿ ತಕ್ಕಡಿ ತೋರಿಸುವುದು ಪಲ್ಲಟಗೊಂಡ ನೀರಿನ ತೂಕವನ್ನು. ಒಂದು ಗ್ರಾಂ ನೀರು ಸುಮಾರು ಒಂದು ಘನ ಸೆಂಟಿಮೀಟರ್. ಆದ್ದರಿಂದ ಅದೇ ನಾಣ್ಯದ ಗಾತ್ರ. ನಮ್ಮ ಆರ್ಕಿಮಿಡೀಸನ ಪಾಠವೇ ಇದು.

1919ರ ನಾಣ್ಯ: 11.60 ಗ್ರಾಂ, ನೀರಿನಲ್ಲಿ 1.12. ಸಾಂದ್ರತೆ ಸುಮಾರು 10.4.
1944ರ ನಾಣ್ಯ: 11.58 ಗ್ರಾಂ, ನೀರಿನಲ್ಲಿ 1.22. ಸಾಂದ್ರತೆ ಸುಮಾರು 9.5.

ಶುದ್ಧ ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ಹಳೇ ರೂಪಾಯಿಯ ತೂಕ ಒಂದು ತೊಲೆ, ಅಂದರೆ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜನ ಬೆಳ್ಳಿ ರೂಪಾಯಿಗಳನ್ನು ಕೂಡಿಡತೊಡಗಿದರು. 1940ರಲ್ಲಿ ಸರಕಾರ ತೂಕ ಹಾಗೇ ಇಟ್ಟು ಬೆಳ್ಳಿಯನ್ನು ಶೇ. 50ಕ್ಕೆ ಇಳಿಸಿತು, ಉಳಿದದ್ದು ಶೇ. 40 ತಾಮ್ರ, ಶೇ. 5 ನಿಕ್ಕಲ್, ಶೇ. 5 ಸತು. ಲೆಕ್ಕ ಹಾಕಿದರೆ ಈ ಮಿಶ್ರಲೋಹಕ್ಕೆ 9.5 ಬರುತ್ತದೆ. ಸರಾಫರು ಹೇಳಿದ್ದು ಸರಿಯೇ ಇತ್ತು! ಸುಮ್ಮನೆ ಸಂಶಯಪಟ್ಟವರು ನಾವು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಅದಕ್ಕೆ ತಕ್ಕಡಿ ಬೇಡ, ಅಯಸ್ಕಾಂತ ಸಾಕು.

ಬೆಳ್ಳಿ ಕಡಿಮೆ ಮಾಡುವ ಯುಕ್ತಿ ಹೊಸದೇನಲ್ಲ. ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ಆಫಾ (757–796) ಒಳ್ಳೆಯ ಬೆಳ್ಳಿಯ ತೆಳು ಪೆನ್ನಿಗಳನ್ನು ಹೊರಡಿಸಿದ್ದ. ಅಲ್ಲಿಂದ ಉತ್ತರಕ್ಕಿದ್ದ ನಾರ್ಥಂಬ್ರಿಯಾದಲ್ಲಿ 9ನೇ ಶತಮಾನದಲ್ಲಿ ಬೆಳ್ಳಿ ಇಳಿಯುತ್ತ ಇಳಿಯುತ್ತ ನಾಣ್ಯ ಬಹುಪಾಲು ತಾಮ್ರವೇ ಆಗಿಹೋಯಿತು.

ನೀವು ಮಾಡುವಾಗ ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಬಿಡಿಸಿರಿ. ಒಂದು ಗುಳ್ಳೆಯೂ ಲೆಕ್ಕ ಕೆಡಿಸುತ್ತದೆ. ಸರಕ್ಕೆ ಕೊಂಡಿ ಬೆಸೆದ ನಾಣ್ಯ ಬೇಡ. ಸವೆದದ್ದು ನಡೆಯುತ್ತದೆ: ತೂಕ, ಗಾತ್ರ ಎರಡೂ ಕೂಡಿಯೇ ಇಳಿದಿರುತ್ತವೆ. ಮೇಲಿನ ಕಪ್ಪು ಸಿಲ್ವರ್ ಸಲ್ಫೈಡ್. ಅದನ್ನು ಕೆರೆಯಬೇಡಿ, ಅಜ್ಜಿ ಬೈದಾರು.

ಈಗ ನಿಮಗೊಂದು ಲೆಕ್ಕ. ಇಸವಿ ಅಳಿಸಿಹೋದ ಒಂದು ರೂಪಾಯಿಯ ತೂಕ 11.40 ಗ್ರಾಂ, ನೀರಿನಲ್ಲಿ 1.10 ತೋರಿಸಿತು. ಅದು 1940ಕ್ಕೆ ಮೊದಲಿನದೋ, ಆಮೇಲಿನದೋ?